ನಿಂತಲ್ಲೇ ಸಾವಿರದ ಎಂಟುನೂರು ಅಡಿ

ಹೋದ ವಾರ ನಮ್ಮ ಮನೆಗೆ ಬೀಗರು ಬಂದಿದ್ದರು. ಮೆಟ್ಟಿಲು ಹತ್ತಿ ಬಂದವರು ಚಪ್ಪಲಿ ಬಿಡುತ್ತ, "ಮನೆ ಚೊಲೋ ಎತ್ತರಕ್ಕೆ ಮಾಡ್ಕೊಂಡೀರಿ ಬಿಡ್ರಿ. ಓಣಿಯಾಗೆ ಎಲ್ಲರ ಮನೀಗೆ ನೀರು ನುಗ್ಗಿದ್ರೂ ನಿಮಗೆ ಚಿಂತಿಲ್ಲ" ಎಂದರು. ನಾನು ಒಳಗೆ ಮಂಡಕ್ಕಿಗೆ ಒಗ್ಗರಣೆ ಹಾಕುತ್ತಿದ್ದೆ. ಕೈ ಒಲೆಯ ಹತ್ತಿರ ಇತ್ತು, ಕಿವಿ ನಡುಮನೆಯಲ್ಲಿತ್ತು. ನಮ್ಮನೆಯವರು ಗಂಟಲು ಸರಿಮಾಡಿಕೊಂಡು ಶುರು ಮಾಡಿದರು.

"ಅದು ನಮ್ಮ ತಮ್ಮ ಚನ್ನೇಶನ ತಲೆ ನೋಡ್ರಿ. ಕಂಪ್ಯೂಟರಿನಾಗೆ ಯುದ್ಧವಿಮಾನ ಹಾರಿಸಿ ಹಾರಿಸಿ, ಎತ್ತರ ಹೆಂಗೆ ಅಳೀಬೇಕು ಅಂತ ಕಂಡುಹಿಡಿದ."

ಆವತ್ತು ಒಗ್ಗರಣೆ ಸೀದದ್ದು ನನ್ನ ತಪ್ಪಲ್ಲ, ಆ ಮಾತಿನ ತಪ್ಪು. ಇಪ್ಪತ್ತು ವರ್ಷಕ್ಕೂ ಮೇಲಾಯಿತು, ಬಂದವರಿಗೆಲ್ಲ ಇದೇ ಕಥೆ. ಬೀಗರ ಎದುರು ಗಂಡನ ಮಾತು ತಿದ್ದಬಾರದು ಅಂತ ನಮ್ಮವ್ವ ಹೇಳಿಕೊಟ್ಟಿದ್ದಳು. ನಿಮ್ಮ ಎದುರು ತಿದ್ದಬಾರದು ಅಂತ ಹೇಳಿಲ್ಲ. ಹಾಗಾಗಿ ಕೂತುಕೊಳ್ಳಿ, ನಿಜವಾಗಿ ಏನಾಯಿತು ಅಂತ ಹೇಳುತ್ತೇನೆ.

ನನಗೊಂದು ಚಾಳಿಯಿದೆ. ಯಾರಾದರೂ ಇಷ್ಟು ಎತ್ತರ, ಇಷ್ಟು ಆಳ, ಇಷ್ಟು ದೂರ ಎಂದರೆ ಬಾಯಿ ತಾನಾಗಿ "ಎಲ್ಲಿಂದ?" ಅನ್ನುತ್ತದೆ. ಈ ಒಂದು ಮಾತಿಗೆ ಗಂಡನ ಮನೆಯಲ್ಲಿ ಬೈಸಿಕೊಂಡಷ್ಟು ನಾನು ಉಪ್ಪು ಹೆಚ್ಚಾಗಿದ್ದಕ್ಕೂ ಬೈಸಿಕೊಂಡಿಲ್ಲ. ಅದು ಅಪ್ಪನಿಂದ ಬಂದದ್ದು. ನನ್ನ ತವರು ಸೊರಬದ ಕಡೆ, ಗುಡವಿಗೆ ಹತ್ತಿರದ ಒಂದು ಹಳ್ಳಿ. ನಮ್ಮ ಗದ್ದೆ ಊರ ಕೆರೆಯ ಏರಿಯ ಕೆಳಗೇ ಇತ್ತು. ಕೆರೆಯಲ್ಲಿ ನೀರೆಷ್ಟಿದೆ ಎಂದು ಕೇಳಿದರೆ ಮೀನು ಹಿಡಿಯುವವರು "ಹನ್ನೆರಡು ಅಡಿ" ಅನ್ನುತ್ತಿದ್ದರು. ಅದೇ ದಿನ, ಅದೇ ಕೆರೆ, ಅಪ್ಪ "ಏಳು" ಅನ್ನುತ್ತಿದ್ದ. ನಾನು ಸಣ್ಣವಳು. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಎಂದುಕೊಂಡಿದ್ದೆ. ಅಪ್ಪನೇ ಸುಳ್ಳು ಹೇಳುತ್ತಿದ್ದಾನೇನೋ ಎಂದು ಸಂಕಟಪಟ್ಟು ಒಂದು ದಿನ ಕೇಳಿಯೂಬಿಟ್ಟೆ. ಅಪ್ಪ ನನ್ನನ್ನು ಏರಿಯ ಮೇಲೆ ಕರೆದುಕೊಂಡು ಹೋಗಿ ತೂಬಿನ ಕಲ್ಲು ತೋರಿಸಿದ. ಗದ್ದೆಗೆ ನೀರು ಬಿಡುವ ಕಿಂಡಿ ಅದು. ಪಕ್ಕದ ಕಲ್ಲುಕಂಬದಲ್ಲಿ ಉಳಿಯಿಂದ ಕೊರೆದ ಗೆರೆಗಳಿದ್ದವು.

"ಅವ್ರು ತಳದ ಕೆಸರಿಂದ ಎಣಿಸ್ತಾರೆ ಮಗಾ, ನಾನು ತೂಬಿನ ಬಾಯಿಂದ ಎಣಿಸ್ತೀನಿ. ತೂಬಿಗಿಂತ ಕೆಳಗಿನ ನೀರು ಗದ್ದೆಗೆ ಹರಿಯಾದಿಲ್ಲ. ಅದು ಮೀನಿಂದು, ಹಕ್ಕೀದು. ನಮ್ದೇನಿದ್ರೂ ಮೇಲಿಂದು. ಯಾರಾದ್ರೂ ಇಷ್ಟು ಅಂದ್ರೆ, ಎಲ್ಲಿಂದ ಅಂತ ಮೊದ್ಲು ಕೇಳು."

ಅಪ್ಪನ ಈ ಹುಚ್ಚು ಎಷ್ಟಿತ್ತೆಂದರೆ, ಒಮ್ಮೆ ಶಿವಮೊಗ್ಗದ ರೈಲು ನಿಲ್ದಾಣಕ್ಕೆ ಹೋದಾಗ ಹಳದಿ ಹಲಗೆಯ ಮೇಲೆ ಊರ ಹೆಸರಿನ ಕೆಳಗೆ ಸಣ್ಣದಾಗಿ ಬರೆದ ಅಂಕಿ ಏನೆಂದು ಕಂಡಕಂಡವರನ್ನೆಲ್ಲ ಕೇಳಿದ. ಕೊನೆಗೆ ಕೆಂಪಂಗಿಯ ಹಮಾಲಿಯೊಬ್ಬ, "ಸಮುದ್ರದಿಂದ ಈ ಜಾಗ ಅಷ್ಟು ಎತ್ತರದಾಗೈತೆ ಅಂತ ಬರೆದಾರೆ" ಎಂದ. ನಾನು, "ಇಲ್ಲೆಲ್ಲಿ ಸಮುದ್ರ ಐತಪ್ಪಾ?" ಎಂದೆ. ಅಪ್ಪನಿಗೆ ಅದು ಬೇಕಿರಲಿಲ್ಲ. "ನೋಡು, ರೈಲಿನವ್ರು ಎಲ್ಲಿಂದ ಅಂತ್ಲೂ ಬರೆದವ್ರೆ. ಮರ್ಯಾದಸ್ಥರು" ಎಂದು ಆ ಹಲಗೆಗೆ ಕೈಮುಗಿಯುವುದೊಂದು ಬಾಕಿ.

ಇಂಥ ಅಪ್ಪನ ಮಗಳನ್ನು ಶಿಕಾರಿಪುರದ ಬಟ್ಟೆ ಅಂಗಡಿಯವರ ಮನೆಗೆ ಕೊಟ್ಟರು. ಮನೆ ಒಳ್ಳೆಯದು, ಜನ ಒಳ್ಳೆಯವರು, ಓಣಿ ಮಾತ್ರ ಒಳ್ಳೆಯದಲ್ಲ. ಅತ್ತೆ ಮದುವೆಯಾಗಿ ಬಂದಾಗ ಓಣಿ ನಮ್ಮ ಹೊಸಿಲಿಗಿಂತ ಕೆಳಗಿತ್ತಂತೆ. ಆಮೇಲೆ ಜಲ್ಲಿ ಹಾಕಿದರು, ಅದರ ಮೇಲೆ ಡಾಂಬರು, ಅದು ಕಿತ್ತುಹೋದರೆ ಅದರ ಮೇಲೆ ಇನ್ನೊಂದು. ಹಳೆಯದನ್ನು ಕೆರೆದು ತೆಗೆಯಬೇಕು ಅಂತ ಯಾವ ಪುಣ್ಯಾತ್ಮನಿಗೂ ಹೊಳೆಯಲಿಲ್ಲ. ಓಣಿ ಹುತ್ತದ ಹಾಗೆ ಬೆಳೆಯಿತು, ನಮ್ಮ ಮನೆ ಇದ್ದಲ್ಲೇ ಇತ್ತು. ನಾನು ಬಂದ ಮೇಲೆ ಒಂಬತ್ತು ಮಳೆಗಾಲ, ಜೋರು ಮಳೆ ಬಂದಾಗಲೆಲ್ಲ ಓಣಿಯ ನೀರು ಹೊಸಿಲು ದಾಟಿ, ನಡುಮನೆ ಹಾದು, ನೇರ ದೇವರ ಕೋಣೆಗೆ ಬರುತ್ತಿತ್ತು. ಆ ಕೋಣೆಯೇ ಮನೆಯಲ್ಲಿ ಎಲ್ಲಕ್ಕಿಂತ ತಗ್ಗು.

ಓಣಿಯ ನೀರೆಂದರೆ ಏನು ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಅದರಲ್ಲಿ ಗಟಾರವೂ ಬಂತು, ಹಂದಿ ಹೊರಳಿದ ಕೆಸರೂ ಬಂತು. ನಮ್ಮ ವೀರಭದ್ರ ದೇವರ ಪೀಠದ ಬುಡಕ್ಕೆ ಆ ನೀರು ತಾಗುತ್ತಿತ್ತು. ಬೆಳಿಗ್ಗೆ ಏರಿಸಿದ ದಾಸವಾಳ ತೇಲಿಕೊಂಡು ಹಿತ್ತಲ ಬಾಗಿಲಿಗೆ ಹೋಗುತ್ತಿತ್ತು. ನಾನು ಹಿತ್ತಾಳೆ ತಟ್ಟೆಯಿಂದ ನೀರು ಮೊಗೆದು ಮೊಗೆದು ಹೊರಗೆ ಚೆಲ್ಲಿ, ನೆಲಕ್ಕೆ ಗೋಮೂತ್ರ ಚಿಮುಕಿಸಿ, ಮತ್ತೆ ಸ್ನಾನ ಮಾಡಿ, ಮಣೆಯ ಮೇಲೆ ಕಾಲು ಮಡಚಿ ಕೂತು ಲಿಂಗಪೂಜೆ ಮಾಡಿಕೊಳ್ಳುತ್ತಿದ್ದೆ. ಗಂಡಸರು? ಪಂಚೆ ಮೊಣಕಾಲಿನ ತನಕ ಎತ್ತಿ, ಆ ನೀರು ದಾಟಿ, ಅಂಗಡಿಗೆ ಹೋಗುತ್ತಿದ್ದರು. ನೀರು ಒಲೆಯ ತನಕ ಏರಲಿಲ್ಲ, ಅದು ಶಿವನ ಒಂದು ದಯೆ. ನೀರಿನ ಜೊತೆ ಹಾವು ಬರಲಿಲ್ಲ, ಅದು ಇನ್ನೊಂದು. ಇಂಥವನ್ನು ನೆನೆದುಕೊಂಡೇ ನಾನು ಒಂಬತ್ತು ಮಳೆಗಾಲ ದಾಟಿದ್ದು.

ಹತ್ತನೆಯ ವರ್ಷದ ಬೇಸಿಗೆಯಲ್ಲಿ ಅಂತೂ ಇವರಿಗೆ ಮನಸ್ಸಾಯಿತು. ಮನೆಯ ನೆಲ ಎತ್ತರಿಸುವುದೆಂದು ನಿಶ್ಚಯವಾಯಿತು. ಈಸೂರಿನ ಕಲ್ಲಪ್ಪ ಮೇಸ್ತ್ರಿ ಬಂದ. ಇವರು ಹಿತ್ತಲಲ್ಲಿ ಹಲ್ಲುಜ್ಜುತ್ತಿದ್ದರು. ಅಲ್ಲೇ ನಿಂತು, ಬಾಯಲ್ಲಿ ನೊರೆ ಇಟ್ಟುಕೊಂಡೇ, "ಎರಡಡಿ ಏರಿಸಿಬಿಡು ಕಲ್ಲಪ್ಪಾ" ಎಂದರು. ಕಲ್ಲಪ್ಪನೂ ಅಲ್ಲೇ ನಿಂತು "ಆತ್ರಿ ಯಜಮಾನ್ರೇ" ಎಂದ. ಮುಗಿಯಿತು ಮಾತುಕತೆ. ನಾನು ಬೆಲ್ಲ ನೀರು ಹಿಡಿದುಕೊಂಡು ಬರುವಷ್ಟರಲ್ಲಿ ಎಲ್ಲ ತೀರ್ಮಾನವಾಗಿತ್ತು.

ಅದೇ ಬೇಸಿಗೆಯಲ್ಲಿ ಮೈದುನ ಚನ್ನೇಶ ಕಂಪ್ಯೂಟರ್ ತಂದ. ಪಡಸಾಲೆಯಲ್ಲಿ ಹುಡುಗ ಹುಡುಗಿಯರಿಗೆ ಕಂಪ್ಯೂಟರ್ ಕ್ಲಾಸು ಮಾಡುತ್ತೇನೆ ಎಂಬುದು ಅವನ ಲೆಕ್ಕಾಚಾರ. ಅದಕ್ಕೆ ಮೊದಲು ತಾನು ಕಲಿಯಬೇಕಲ್ಲ, ಕಲಿಯಲು ಸಿ.ಡಿ.ಯೊಂದರಲ್ಲಿ ಯುದ್ಧವಿಮಾನದ ಆಟ ತಂದುಕೊಂಡ. ಅದೇನು ಆಟವಲ್ಲವಂತೆ, ನಿಜವಾದ ವಿಮಾನದ ಹಾಗೇ ಇರುವುದಂತೆ, ಪೈಲಟ್‌ಗಳೂ ಇದರಲ್ಲೇ ಕಲಿಯುತ್ತಾರಂತೆ. ಮಧ್ಯಾಹ್ನ ಊಟವಾಗಿ ಕರೆಂಟು ಇದ್ದರೆ ಸಾಕು, ಅವನು ಒಂದು ಕರಿ ಕೋಲು ಹಿಡಿದು ಕೂತುಬಿಡುತ್ತಿದ್ದ. ನಾನು ಅಲ್ಲೇ ಅಕ್ಕಿ ಆರಿಸುತ್ತ ಕೂರುತ್ತಿದ್ದೆ. ಅತ್ತೆ ದಪ್ಪ ಕನ್ನಡಕ ಹಾಕಿಕೊಂಡು ಕುರ್ಚಿ ಎಳೆದುಕೊಳ್ಳುತ್ತಿದ್ದರು. ವಿಮಾನದೊಳಗೆ ನಿಜವಾಗಿಯೂ ಒಬ್ಬ ಹುಡುಗ ಇದ್ದಾನೆಂದೇ ಅವರ ನಂಬಿಕೆ. ವಿಮಾನ ಬಿದ್ದು ಪರದೆ ಕೆಂಪಾದಾಗಲೆಲ್ಲ, "ಅಯ್ಯೋ ಶಿವನೇ, ಯಾರ ಮಗನೋ ಏನೋ" ಎಂದು ಎದೆ ಹಿಡಿದುಕೊಳ್ಳುವರು. ಒಂದು ದಿನ ಕಂಪ್ಯೂಟರಿನ ಹಣೆಗೆ ವಿಭೂತಿಯನ್ನೂ ಬಳಿದರು.

ವಿಭೂತಿ ಬಳಿದರೂ ವಿಮಾನ ಬೀಳುವುದು ತಪ್ಪಲಿಲ್ಲ. ಶತ್ರುಗಳ ಮದ್ದುಗುಂಡಿನ ಉಗ್ರಾಣವೊಂದು ಗುಡ್ಡಗಳ ಆಚೆಗಿತ್ತು. ಅಲ್ಲಿಗೆ ಹೋಗುವಾಗ ದಾರಿಯಲ್ಲಿ ಒಂದೇ ಗುಡ್ಡಕ್ಕೆ, ಒಂದೇ ಜಾಗದಲ್ಲಿ, ಚನ್ನೇಶ ಮೂರು ದಿನ ಡಿಕ್ಕಿ ಹೊಡೆದ. ಅವನ ಎದುರಿನ ಗಾಜಿನ ಮೇಲೆ ಹಸಿರು ಅಕ್ಷರದಲ್ಲಿ ದೊಡ್ಡದಾಗಿ ಎತ್ತರ ತೋರಿಸುತ್ತಿತ್ತು. ನಾಲ್ಕು ಸಾವಿರ ಅಡಿ. ಕೆಳಗೆ ಮೂಲೆಯಲ್ಲಿ ಸಣ್ಣ ಚೌಕದಲ್ಲಿ ಇನ್ನೊಂದು ಅಂಕಿ. ಅದು ಒಮ್ಮೆ ಎರಡು ಸಾವಿರ, ಒಮ್ಮೆ ಆರುನೂರು, ಗುಡ್ಡದ ಹತ್ತಿರ ಬರುವಾಗ ಮುನ್ನೂರು, ನೂರು, ನಲವತ್ತು. ಆಮೇಲೆ ಢಮಾರ್.

"ಈ ಸಣ್ಣದು ಕೆಟ್ಟೈತೆ ಅತ್ತಿಗೆ. ನಾ ನಾಲ್ಕು ಸಾವಿರ ಅಡಿ ಮ್ಯಾಲೇ ಇದೀನಿ, ಇದು ನಲವತ್ತು ಅಂತೈತೆ. ಸಿ.ಡಿ. ಕೊಟ್ಟೋನು ಡೂಪ್ಲಿಕೇಟ್ ಮಾಲು ಕೊಟ್ಟಾನೆ."

"ಬಿದ್ದದ್ದು ಯಾವುದರ ಪ್ರಕಾರ?" ಎಂದೆ.

"ಅಂದ್ರೆ?"

"ನಾಲ್ಕು ಸಾವಿರ ಅಡಿ ಮೇಲಿದ್ದೋನು ನೆಲಕ್ಕೆ ಬಡಿದೆಯಲ್ಲ. ಯಾವುದು ಸುಳ್ಳು ಹೇಳ್ತು ಅಂತೀನಿ."

"ಅತ್ತಿಗೆ, ನೀವು ಅಕ್ಕಿ ಆರಿಸ್ರಿ. ಇದು ಇಂಗ್ಲಿಷ್ ಆಟ."

ನಾನು ಅಕ್ಕಿ ಆರಿಸಿದೆ. ಆದರೆ ಕಣ್ಣು ಇಂಗ್ಲಿಷಿಗೆ ಕೇಳಿ ನೋಡುವುದಿಲ್ಲವಲ್ಲ. ಅವನು ಹೊಸದಾಗಿ ಆಟ ಶುರು ಮಾಡಿದಾಗ ವಿಮಾನ ಇನ್ನೂ ನೆಲದ ಮೇಲಿತ್ತು. ಚಕ್ರ ತಿರುಗಿರಲಿಲ್ಲ. ಪಕ್ಕದಲ್ಲಿ ಹುಲ್ಲು ಕಾಣುತ್ತಿತ್ತು. ಆಗಲೇ ಆ ದೊಡ್ಡ ಹಸಿರು ಅಂಕಿ ಸಾವಿರದ ಎಂಟುನೂರು ಅಡಿ ಎನ್ನುತ್ತಿತ್ತು! ಸಣ್ಣ ಚೌಕದಲ್ಲಿ ಸೊನ್ನೆ.

"ಚನ್ನೇಶಾ, ತಡಿ ತಡಿ. ಹಾರಿಸಬ್ಯಾಡ. ನಿಂತಲ್ಲೇ ಸಾವಿರದ ಎಂಟುನೂರು ಅಡಿ ಅಂತೈತಲ್ಲ, ಎಲ್ಲಿಂದ?"

"ಶುರುವಾತು ನಿಮ್ಮ ಎಲ್ಲಿಂದ" ಎಂದು ನಕ್ಕ. ನಗಲಿ. ನನ್ನ ಕಣ್ಣ ಮುಂದೆ ಶಿವಮೊಗ್ಗದ ಹಳದಿ ಹಲಗೆ ಬಂದು ನಿಂತಿತ್ತು. ದೊಡ್ಡ ಅಂಕಿ ರೈಲಿನವರದು, ಸಮುದ್ರದಿಂದ ಎಣಿಸುತ್ತದೆ. ಅದರ ಕೆಳಗೆ ಗುಡ್ಡ ಬಂದರೇನು, ಬಯಲು ಬಂದರೇನು, ಅದಕ್ಕೆ ಸಂಬಂಧವಿಲ್ಲ. ಸಣ್ಣ ಅಂಕಿ ವಿಮಾನದ ಹೊಟ್ಟೆಯ ಕೆಳಗೆ ಆ ಗಳಿಗೆಯಲ್ಲಿ ಯಾವ ನೆಲವಿದೆಯೋ ಅಲ್ಲಿಂದ ಎಣಿಸುತ್ತದೆ. ಗುಡ್ಡ ಏರಿದಷ್ಟೂ ಅದು ಇಳಿಯುತ್ತದೆ. ಕೆರೆಯ ಹನ್ನೆರಡೂ ನಿಜ, ಏಳೂ ನಿಜ. ಎರಡರಲ್ಲಿ ಯಾವುದೂ ಕೆಟ್ಟಿರಲಿಲ್ಲ. ಕೆಟ್ಟಿದ್ದು ಚನ್ನೇಶ ನೋಡುವ ಜಾಗ.

ಹೀಗೆ ಹೀಗೆ ಎಂದು ಹೇಳಿದೆ. ಮೊದಲು ಅತ್ತೆಯೇ ಮಾತಾಡಿದರು. "ಹಂಗಾದ್ರೆ ಆ ಸಣ್ಣದು ನೋಡ್ಕೊಂಡು ಹೋಗೋ ಯಪ್ಪಾ. ಆ ಹುಡುಗನ್ನ ಒಂದ್ಸಲನಾದ್ರೂ ಉಳಿಸು." ಅವನು ಸಣ್ಣದನ್ನೇ ನೋಡುತ್ತ, ಅದು ಮುನ್ನೂರಕ್ಕೆ ಇಳಿದ ಕೂಡಲೇ ಕೋಲು ಎಳೆದು ಮೂತಿ ಮೇಲೆತ್ತಿದ. ಗುಡ್ಡ ಹೊಟ್ಟೆಯ ಕೆಳಗೆ ಸರಿದು ಹೋಯಿತು. ಆಚೆ ಬಯಲು ಬಂತು. ಅತ್ತೆ ಕೈಮುಗಿದರು. ಚನ್ನೇಶ ನನ್ನ ಕಡೆ ತಿರುಗಿ ಏನಂದ ಗೊತ್ತೇ? "ನಾನೂ ಅದನ್ನೇ ಅನ್ಕೊಂಡಿದ್ದೆ ಅತ್ತಿಗೆ."

ಆ ಮಾತಿಗೆ ನಾನು ಆವತ್ತು ಸಿಟ್ಟಾಗಲಿಲ್ಲ. ಸಿಟ್ಟಾಗಲು ಪುರುಸೊತ್ತಿರಲಿಲ್ಲ. ಆಗಷ್ಟೇ ಹಿತ್ತಲಲ್ಲಿ ಕಲ್ಲಪ್ಪ ಗೂಟ ನೆಟ್ಟು ದಾರ ಕಟ್ಟುತ್ತಿದ್ದ. ಮಾರನೆಯ ದಿನ ದೇವರ ಕೋಣೆಯಿಂದಲೇ ಕೆಲಸ ಶುರು. ಹೋಗಿ ನೋಡಿದೆ. ಹಿತ್ತಲ ನೆಲದಿಂದ ಟೇಪು ಹಿಡಿದು, ಸರಿಯಾಗಿ ಎರಡಡಿಗೆ ದಾರ ಬಿಗಿದಿದ್ದ.

"ಕಲ್ಲಪ್ಪಾ, ಎರಡಡಿ ಎಲ್ಲಿಂದ ಹಿಡಿದೀಯಪ್ಪಾ?"

"ಇಲ್ಲಿಂದ್ರೀ ಅಮ್ಮಾರೇ, ನೆಲದಿಂದ."

"ಇದು ಹಿತ್ತಲ ನೆಲ. ನೀರು ಹಿತ್ತಲಿಂದ ಬರಾದಿಲ್ಲ, ಓಣಿಯಿಂದ ಬರ್ತದೆ. ಓಣಿ ಇದಕ್ಕಿಂತ ಎತ್ತರ ಐತಲ್ಲ."

"ಯಜಮಾನ್ರು ಇಲ್ಲೇ ನಿಂತು ಎರಡಡಿ ಅಂದ್ರು, ಎರಡಡಿ ಕಟ್ಟೀನಿ. ನಾವು ಈಸೂರಿನೋರು, ಬ್ರಿಟಿಷರಿಗೇ ಬಗ್ಗಲಿಲ್ಲ. ಅಳತೆಯಾಗೆ ಬಗ್ತೀವಾ?"

ಈಸೂರಿನ ಹಿರಿಯರು ಬಗ್ಗದಿದ್ದದ್ದಕ್ಕೂ ನಮ್ಮ ಹಿತ್ತಲ ದಾರಕ್ಕೂ ಏನು ಸಂಬಂಧವೋ ಶಿವನೇ ಬಲ್ಲ. ಸಂಜೆ ಇವರು ಅಂಗಡಿಯಿಂದ ಬಂದ ಕೂಡಲೇ ಹೇಳಿದೆ. ಇವರು ಅಂಗಿ ಗೂಟಕ್ಕೆ ಹಾಕುತ್ತ, "ಎರಡಡಿ ಅಂದ್ರೆ ಎರಡಡಿ ಕಣೇ. ಹಿತ್ತಲಾಗೊಂದು ಎರಡಡಿ, ಓಣಿಯಾಗೊಂದು ಎರಡಡಿ ಇರ್ತದಾ? ನಾ ದಿನಾ ಮೀಟರ್ ಹಿಡಿದು ಬಟ್ಟೆ ಅಳೆಯೋನು. ನನಗೆ ಹೇಳ್ಕೊಡ್ತೀಯಾ?" ಎಂದರು.

ನೀವೇ ಹೇಳಿ. ಬಟ್ಟೆಗೆ ಎರಡು ತುದಿ ಇರುತ್ತವೆ, ಎರಡೂ ಕೈಯಲ್ಲಿರುತ್ತವೆ. ಎತ್ತರಕ್ಕೆ ಒಂದು ತುದಿ ಮಾತ್ರ ಕಾಣುವುದು, ಇನ್ನೊಂದನ್ನು ನಾವು ಇಟ್ಟಲ್ಲಿ ಇಡಬೇಕು. ಇಷ್ಟು ಸಣ್ಣ ವಿಷಯ ಹೇಳಲು ಹೋದರೆ ಹೆಂಗಸಿಗೆ ಬುದ್ಧಿ ಹೆಚ್ಚಾಯಿತು ಎನ್ನುತ್ತಾರೆ. ಒಂಬತ್ತು ಮಳೆಗಾಲ ನೀರು ಮೊಗೆದದ್ದು ಯಾರು? ಆ ನೀರು ಯಾವ ದಿಕ್ಕಿನಿಂದ ಬಂದು ಯಾವ ಕಲ್ಲಿನ ಮೇಲೆ ಮೊದಲು ಹರಿಯುತ್ತದೆ ಎಂದು ಈ ಮನೆಯಲ್ಲಿ ಯಾರಿಗೆ ಗೊತ್ತು? ಆವತ್ತು ಅನ್ನ ಬಡಿಸಿದೆ, ಮಾತು ಬಡಿಸಲಿಲ್ಲ.

ಬೆಳಿಗ್ಗೆ ಕಲ್ಲಪ್ಪ ಹಾರೆ ಹಿಡಿದು ಬಂದ. ನಮ್ಮಲ್ಲಿ ಒಂದು ಪದ್ಧತಿಯಿದೆ. ದೇವರ ಕೋಣೆಯ ಕೆಲಸವೆಂದರೆ ಮೊದಲು ಮನೆಯ ಹೆಂಗಸು ಪೂಜೆ ಮಾಡಿ, ದೇವರ ಸಾಮಾನನ್ನೆಲ್ಲ ತಾನೇ ಎತ್ತಿ ಬೇರೆ ಕಡೆ ಇಡಬೇಕು. ಬೇರೆಯವರು ಮುಟ್ಟುವ ಹಾಗಿಲ್ಲ. ದೇವರು ಒಳಗಿರುವಾಗ ಮೇಸ್ತ್ರಿ ಹೊಸಿಲು ತುಳಿಯುವ ಹಾಗೂ ಇಲ್ಲ. ನಾನು ಸ್ನಾನ ಮಾಡಿದೆ, ಪೂಜೆ ಮಾಡಿದೆ, ಮಂಗಳಾರತಿ ಬೆಳಗಿದೆ. ಹೊರಗೆ ಬಂದು ಬಾಗಿಲಲ್ಲಿ ಕೂತೆ.

"ದೇವರನ್ನ ತೆಗೀಲಿಲ್ಲೇನು?" ಎಂದು ಇವರು ಕೇಳಿದರು.

"ಇಲ್ಲ. ಎಲ್ಲಿಂದ ಎರಡಡಿ ಅಂತ ಗೊತ್ತಾಗೋ ತನಕ ತೆಗಿಯಲ್ಲ. ಮತ್ತೆ ಗಟಾರದ ನೀರಾಗೆ ಕೂರಿಸೋದಾದ್ರೆ, ಈಗ ಕೂತಿರೋ ಜಾಗನೇ ಸಾಕು ಅವನಿಗೆ."

ಇವರ ಮುಖ ಕೆಂಪಾಯಿತು. "ಅವ್ವಾ, ಇವಳಿಗೆ ಸ್ವಲ್ಪ ಹೇಳು" ಎಂದು ಕೂಗಿದರು. ಅತ್ತೆ ಬಂದರು. ಮದುವೆಯಾಗಿ ಬಂದ ಮೇಲೆ ನಾನು ಹೀಗೆ ಅಡ್ಡ ಕೂತದ್ದು ಅದೇ ಮೊದಲು. ಅತ್ತೆ ಕನ್ನಡಕ ಏರಿಸಿಕೊಂಡು ನನ್ನನ್ನು ನೋಡಿ, ಮಗನನ್ನು ನೋಡಿ, "ಎತ್ತೋಳು ಅವಳು. ಅವಳು ಎತ್ತಲ್ಲ ಅಂದ್ರೆ ನಾ ಏನ್ ಹೇಳ್ಲಿ? ಆ ವಿಮಾನದ ಹುಡುಗನ್ನ ಉಳಿಸಿದಾಕಿ ಅವಳೇ. ಒಂದ್ಸಲ ನೋಡಾದ್ರೂ ನೋಡಪ್ಪ" ಎಂದರು. ಶಿವನ ದಯೆ ಅಂದರೆ ಹೀಗೆ, ಯಾರ ಬಾಯಿಂದ ಬರುತ್ತದೋ ಗೊತ್ತಾಗುವುದಿಲ್ಲ.

"ಯಾವ ಹುಡುಗ?" ಎಂದು ಇವರು ತಬ್ಬಿಬ್ಬಾದರು.

ಚನ್ನೇಶನನ್ನು ಕರೆದೆ. ಅಣ್ಣನೆದುರು ಆಟದ ವಿಷಯ ಬಾಯಿ ಬಿಡಲು ಅವನಿಗೆ ಹೆದರಿಕೆ. ಕ್ಲಾಸಿನ ಪಾಠ ಕಲಿಯುತ್ತಿದ್ದೇನೆ ಎಂದು ಹೇಳಿದ್ದನಲ್ಲ. "ನಿನ್ನ ಆಟದ ಮಾತು ನಾನೇ ಹೇಳ್ಲೋ, ನೀನೇ ತೋರಿಸ್ತೀಯೋ?" ಎಂದೆ. ತೋರಿಸಿದ. ಕರೆಂಟು ಇತ್ತು, ಅದೂ ಒಂದು ದಯೆ. ಕಲ್ಲಪ್ಪನೂ ಹಾರೆ ಗೋಡೆಗೆ ಒರಗಿಸಿ ಬಂದು ನಿಂತ. ನಾನು ಹೇಳಿದ ಹಾಗೆ ಚನ್ನೇಶ ದೊಡ್ಡ ಅಂಕಿಯನ್ನೇ ನಂಬಿ ನೇರ ಹೋದ. ನಾಲ್ಕು ಸಾವಿರ, ನಾಲ್ಕು ಸಾವಿರ, ನಾಲ್ಕು ಸಾವಿರ, ಢಮಾರ್. ಅತ್ತೆ ಎದೆ ಹಿಡಿದುಕೊಂಡರು.

"ಎಲಾ ಇವನ" ಎಂದರು ನಮ್ಮನೆಯವರು. "ನಾಲ್ಕು ಸಾವಿರ ಅಡಿ ಮ್ಯಾಲಿದ್ದೋನು ನೆಲಕ್ಕೆ ಹೆಂಗೆ ಬಡಿದ?"

"ಎರಡಡಿ ಏರಿಸಿದ್ರೂ ದೇವರ ಕೋಣೆಗೆ ಓಣಿ ನೀರು ಹೆಂಗೆ ನುಗ್ತದೋ, ಹಂಗೇ ರೀ" ಎಂದೆ.

ಮೊದಲು ಅಲುಗಾಡಿದವನು ಕಲ್ಲಪ್ಪ. ಹೋಗಿ ತನ್ನ ಚೀಲದಿಂದ ನೀರು ತುಂಬಿದ ಉದ್ದನೆಯ ಬಿಳಿ ಪೈಪು ತಂದ. ಅದರ ಒಂದು ತುದಿ ಓಣಿಯಲ್ಲಿ, ಇನ್ನೊಂದು ಹಿತ್ತಲಲ್ಲಿ ಹಿಡಿದರೆ ಎರಡೂ ಕಡೆ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಓಣಿಯ ತುದಿಯನ್ನು ಚನ್ನೇಶ ಡಾಂಬರಿಗೆ ಸಮನಾಗಿ ಹಿಡಿದ. ಹಿತ್ತಲಲ್ಲಿ ನೀರು ನಿಂತ ಜಾಗಕ್ಕೆ ಕಲ್ಲಪ್ಪ ಬಳಪದಿಂದ ಗೋಡೆಯ ಮೇಲೆ ಗೀಟು ಎಳೆದು, ನೆಲದಿಂದ ಟೇಪು ಹಿಡಿದ. ಒಂದು ಅಡಿ ಒಂಬತ್ತು ಇಂಚು. ಅವನು ಕಟ್ಟಿದ್ದ ದಾರ ಓಣಿಗಿಂತ ಬರೀ ಮೂರು ಇಂಚು ಮೇಲಿತ್ತು. ಇನ್ನೊಂದು ಸಲ ಡಾಂಬರು ಹಾಕಿದ್ದರೆ ಅದೂ ಇಲ್ಲ.

"ತಪ್ಪಾತ್ರೀ ಅಮ್ಮಾರೇ" ಎಂದ ಕಲ್ಲಪ್ಪ. ಬ್ರಿಟಿಷರಿಗೆ ಬಗ್ಗದವನು ಪೈಪಿನ ನೀರಿಗೆ ಬಗ್ಗಿದ. ಆ ಮನೆಯಲ್ಲಿ ಆವತ್ತು ಈ ಮಾತು ಹೇಳಿದ ಗಂಡಸು ಅವನೊಬ್ಬನೇ. ಅವನ ಹೆಸರಿನಲ್ಲಿ ನಾನು ಈಗಲೂ ಸೋಮವಾರ ಒಂದು ಹೂವು ಏರಿಸುತ್ತೇನೆ. ಓಣಿಯಿಂದ ಒಂದೂವರೆ ಅಡಿ ಮೇಲಕ್ಕೆ ದಾರ ಕಟ್ಟಿದ. ಮುಂದೆ ಮೂರು ಮೆಟ್ಟಿಲು, ಹಿತ್ತಲ ಕಡೆ ಆರು. ನಾನು ಎದ್ದು ಹೋಗಿ ವೀರಭದ್ರನನ್ನು ಎತ್ತಿಕೊಂಡೆ.

ಆ ಮಳೆಗಾಲದ ಮೊದಲ ದೊಡ್ಡ ಮಳೆಗೆ ಓಣಿಯ ನೀರು ಒಂದು ಮೆಟ್ಟಿಲು ಏರಿ, ಎರಡನೆಯದನ್ನು ನೆಕ್ಕಿ, ಅಲ್ಲೇ ನಿಂತಿತು. ನಾನು ಹಿತ್ತಾಳೆ ತಟ್ಟೆ ಕೈಯಲ್ಲಿ ಹಿಡಿದು ಹೊಸಿಲ ಮೇಲೆ ನಿಂತಿದ್ದೆ, ಅಭ್ಯಾಸ ಬಲ. ಒಳಗೆ ದೇವರ ಕೋಣೆಯಲ್ಲಿ ನೆಲ ಒಣಗಿತ್ತು. ದಾಸವಾಳ ಏರಿಸಿದಲ್ಲೇ ಇತ್ತು. ಅಳು ಬಂತು, ಸುಳ್ಳು ಯಾಕೆ ಹೇಳಲಿ. ಅಷ್ಟರಲ್ಲಿ ಎದುರು ಮನೆಯವರು ಕಿಟಕಿಯಿಂದ, "ನೀವು ಉಳಕೊಂಡ್ರಿ ಬಿಡ್ರಿ" ಎಂದರು. ನಮ್ಮನೆಯವರು ನನ್ನ ಬೆನ್ನ ಹಿಂದೆ ಬಂದು ನಿಂತು ಗಟ್ಟಿಯಾಗಿ, "ನಮ್ಮ ಚನ್ನೇಶ ಕಂಪ್ಯೂಟರಾಗೆ ನೋಡಿ ಹೇಳಿದ್ರೀ!" ಎಂದರು.

ಅಳು ಅಲ್ಲೇ ನಿಂತಿತು. ಕಥೆ ಹುಟ್ಟಿದ್ದು ಆಗ, ಇಂದಿಗೂ ಸತ್ತಿಲ್ಲ. ಆಟದ ದೊಡ್ಡ ಅಂಕಿ ಗಾಳಿಯ ಒತ್ತಡ ನೋಡಿ ಹೇಳುತ್ತದೆ, ಸಣ್ಣದು ನೆಲಕ್ಕೆ ಅಲೆ ಬಿಟ್ಟು ಅದು ತಿರುಗಿ ಬರುವ ಹೊತ್ತು ನೋಡಿ ಹೇಳುತ್ತದೆ ಎಂದು ಚನ್ನೇಶ ಆಮೇಲೆ ಎಲ್ಲೋ ಓದಿಕೊಂಡು ಬಂದು ನನಗೇ ಪಾಠ ಮಾಡಿದ. ಕೇಳಿದೆ. ಕತ್ತಲಲ್ಲಿ ಕಾಲು ಚಾಚಿ ಮೆಟ್ಟಿಲು ತಡವಿ ನೋಡುವುದಕ್ಕೆ ಇಷ್ಟು ಇಂಗ್ಲಿಷು ಬೇಕಾಯಿತಲ್ಲ ಎಂದುಕೊಂಡೆ. ಅವನ ಕ್ಲಾಸು ಚೆನ್ನಾಗಿ ನಡೆಯಿತು, ಆನವಟ್ಟಿಯಿಂದಲೂ ಹುಡುಗಿಯರು ಬಸ್ಸಿನಲ್ಲಿ ಬಂದು ಕಲಿತರು. ಅತ್ತೆ ಈಗಿಲ್ಲ. ಮನೆಯೊಳಗೆ ನನ್ನ ಸಾಕ್ಷಿ ಅವರೊಬ್ಬರೇ ಆಗಿದ್ದರು.

ಇನ್ನು ನಿನ್ನೆಯ ಮಾತು ಹೇಳಿ ಮುಗಿಸುತ್ತೇನೆ. ಮೊನ್ನೆ ಓಣಿಗೆ ಮತ್ತೆ ಡಾಂಬರು ಬಂತು, ಹಳೆಯದರ ಮೇಲೆ ಹೊಸದು. ಹೀಗೆ ಬೆಳೆದು ಬೆಳೆದು ನಮ್ಮ ಕೆಳಗಿನ ಮೆಟ್ಟಿಲು ಪೂರ್ತಿ ಮುಳುಗಿತು. ಬೀಗರು ಎತ್ತರದ ಮನೆ ಎಂದು ಹೊಗಳಿ ಹೋಗಿ ಇನ್ನೂ ಎಂಟು ದಿನ ಆಗಿಲ್ಲ. ಮೂರು ಮೆಟ್ಟಿಲಿನ ಮನೆ ಈಗ ಎರಡು ಮೆಟ್ಟಿಲಿನದು. ನಿನ್ನೆ ಬೆಳಿಗ್ಗೆ ಇವರು ಟೇಪು ಹಿಡಿದುಕೊಂಡು ಹೊರಗೆ ಹೋದರು. ಓಣಿಯಲ್ಲಿ ನಿಂತರು, ಬಗ್ಗಿದರು, ಎದ್ದರು, ಹಿತ್ತಲ ಕಡೆ ಒಂದು ಸಲ ನೋಡಿದರು. ನಾನು ಕಿಟಕಿಯಿಂದ ಎಲ್ಲ ನೋಡುತ್ತಿದ್ದೆ. ಕೊನೆಗೆ ತಲೆ ಕೆರೆದುಕೊಳ್ಳುತ್ತ ಕೂಗಿದರು.

"ಗಿರಿಜಾ, ಎಲ್ಲಿಂದ ಹಿಡೀಲೇ ಇದನ್ನ?"

ಕೈಯೆಲ್ಲ ರೊಟ್ಟಿ ಹಿಟ್ಟು. ಹಾಗೇ ಹೊಸಿಲಿಗೆ ಬಂದು ನಿಂತೆ. ಎದುರು ಮನೆಯವರು ಅಂಗಳದಲ್ಲೇ ಇದ್ದರು, ಒಳ್ಳೆಯದೇ ಆಯಿತು.

"ಹೇಳ್ತೀನಿ. ಮೊದ್ಲು ಹೋದ ಸಲ ಹೇಳಿದ್ದು ಯಾರು ಅಂತ ಅವರಿಗೆ ಕೇಳೋ ಹಂಗೆ ಗಟ್ಟಿಯಾಗಿ ಹೇಳ್ರಿ."